ಕೊನೆಯ ಕಾಲಮಿನಲ್ಲಿ ಒಂದು ಹೆಸರು

೧೯೫೬ರಲ್ಲಿ ಮಲಾಡಿನ ಕನ್ನಡ ಶಾಲೆಯೊಂದರಲ್ಲಿ ಇನ್ನೂರ ಹನ್ನೊಂದು ಮಕ್ಕಳ ಚರ್ಮ ನೋಡಿ ಬರೆದುಕೊಳ್ಳುವ ಕೆಲಸ ನನಗೆ ಬಂತು. ನಾನು ಡಾಕ್ಟರಲ್ಲ. ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು. ಸಮೀಕ್ಷೆಗೆಂದು ಆರು ದಿನ ತರಬೇತಿ ಕೊಟ್ಟಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಕಜ್ಜಿ ಐವತ್ತೆಂಟು, ಹುಳುಕಡ್ಡಿ ಇಪ್ಪತ್ತೊಂದು, ಕುರು ಮೂವತ್ತು, ಚಿಬ್ಬು ಹದಿನಾಲ್ಕು. ಕೊನೆಯ ಕಾಲಮು, ಕುಷ್ಠದ ಶಂಕೆ, ಖಾಲಿಯಿತ್ತು.

ಎರಡನೆಯ ಇಯತ್ತೆಯ ಚಂಪಾಳ ಮುಂಗೈಯಲ್ಲಿ ರೂಪಾಯಿಯಗಲದ ಬಿಳಿಚಿದ ಮಚ್ಚೆಯಿತ್ತು. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿದೆ.

"ಎಲ್ಲಿ ಮುಟ್ಟಿದೆ ಹೇಳು?"

"ಮುಟ್ಟೇ ಇಲ್ಲಲ್ರೀ!"

ಮೂರು ಸಲ ನೋಡಿದೆ. ಮೂರು ಸಲವೂ ಅದೇ ಉತ್ತರ. ಸ್ಪರ್ಶ ತಿಳಿಯದ ಮಚ್ಚೆಯೆಂದರೆ ಕುಷ್ಠದ ಶಂಕೆ. ನಿಯಮದಂತೆ ಅವಳನ್ನು ಬೇರೆ ಬೆಂಚಿನಲ್ಲಿ ಕೂರಿಸಿ ಕೊನೆಯ ಕಾಲಮಿನಲ್ಲಿ ಹೆಸರು ಬರೆದೆ. ಮಕ್ಕಳೆಲ್ಲ ಅವಳತ್ತ ತಿರುಗಿದರು.

ಎದುರಿನ ಚಾಳಿನಿಂದ ಅವಳ ತಾಯಿ ನಾಗವ್ವನನ್ನು ಕರೆಸಿ, ಹೊರಗೆ ನಿಂತು ಕೇಳಿದೆ.

"ಹುಟ್ಟುಮಚ್ಚಿ ಅದು," ಎಂದಳು, ನನ್ನ ಮುಖ ನೋಡದೆ. ಸುಳ್ಳೆಂದು ತಿಳಿಯಿತು. ರೋಗ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ.

"ಡಾಕ್ಟರು ದಾದರ್‌ನಿಂದ ಬರ್ತಿದ್ದಾರೆ. ಅವರು ಸಹಿ ಹಾಕಿದ್ರೆ ಹುಡುಗಿ ಕುಷ್ಠದ ಆಸ್ಪತ್ರೆಗೆ. ಶಾಲೆ ಇಲ್ಲ."

ನಾಗವ್ವ ಸೆರಗೊಡ್ಡಿದಳು. "ಪೊಲೀಸರಿಗೆ ಹೇಳೂದಿಲ್ಲಂತ ಆಣಿ ಮಾಡ್ರಿ. ಕಾಮಣಿ ಆಗಿತ್ತು, ನಮ್ಮತ್ತಿ ಬಳಿ ಕಾಸಿ ಚುಟಿಗಿ ಹಾಕ್ಯಾಳ. ಕೂಸಿನ್ನ ಸುಟ್ರ ಜೇಲು ಅಂತ ದವಾಖಾನ್ಯಾಗ ಬೈದಿದ್ರು."

ಉಡುಪಿಯ ನಮ್ಮ ಮನೆಗಳಲ್ಲಿ ಕಾಮಾಲೆಗೆ ಬರೆ ಹಾಕುತ್ತಿದ್ದುದು ಹೊಟ್ಟೆಗೆ. ಮುಂಗೈಯ ಬರೆ ನಾನು ಕಂಡಿರಲಿಲ್ಲ. ಸುಟ್ಟ ಚರ್ಮಕ್ಕೆ ಸ್ಪರ್ಶ ತಿಳಿಯದಿದ್ದೀತು. ಆದರೆ ಇದೂ ಸುಳ್ಳಾದರೆ? ಅಳಿಸಲೂ ಆಗದೆ ಬಿಡಲೂ ಆಗದೆ ಪೆನ್ಸಿಲ್ ಹಿಡಿದು ನಿಂತೆ.

ಡಾಕ್ಟರು ಬಂದವರು ಮಸೂರ ಹಿಡಿದು ನೋಡಿದರು, ಮೊಣಕೈಯ ನರ ಒತ್ತಿ ನೋಡಿದರು. "ಇದು ಸುಟ್ಟ ಬರೆ ಕಣಯ್ಯ. ಹೆಸರು ಹೊಡೆದುಹಾಕು." ಕಾಂದಿವಲಿಯ ಶಾಲೆಗೆ ಹೊತ್ತಾಯಿತೆಂದು ಹೊರಟೇಬಿಟ್ಟರು.

ಕಾಗದದಲ್ಲಿ ಒಂದು ಗೆರೆ ಸಾಕಾಯಿತು. ಚಂಪಾ ತನ್ನ ಜಾಗಕ್ಕೆ ಮರಳಿದಾಗ ಪಕ್ಕದ ವಾರಿಜಾ ಬೆಂಚಿನ ತುದಿಗೆ ಸರಿದಳು.

"ಅವಳಿಗೆ ರೋಗ ಇಲ್ಲ. ನಾನೇ ತಪ್ಪು ಬರೆದೆ," ಎಂದೆ.

"ಹಾಗಾದ್ರೆ ನೀವೇ ಮುಟ್ಟಿ ನೋಡುವ, ಮಾಸ್ಟ್ರೇ!" ಎಂದಳು ವಾರಿಜಾ.

ಆ ಚಿಕ್ಕ ಬೆಂಚಿನಲ್ಲಿ ನಡುವೆ ಕುಳಿತು ಚಂಪಾಳ ಮುಂಗೈಯನ್ನು ಬರೆಯ ಮೇಲೆಯೇ ಹಿಡಿದೆ.

"ನಿಮ್ಮ ಕೈ ನಡುಗ್ತಾ ಉಂಟಲ್ಲ!"

"ಹೌದು," ಎಂದೆ. ಬಿಡಲಿಲ್ಲ.

ಬಾಗಿಲಲ್ಲಿ ನಾಗವ್ವ ನಿಂತಿದ್ದಳು. ವಾರಿಜಾ ಬಾಗಿ ನನ್ನ ಕೈ ನೋಡಿದಳು. ಆಮೇಲೆ ತನ್ನ ಸ್ಲೇಟನ್ನಷ್ಟೇ ಈಚೆಗೆ ಸರಿಸಿದಳು, ತಾನು ಸರಿಯಲಿಲ್ಲ.