ಗುರುವಾರಕ್ಕೊಂದು ಪ್ರಶ್ನೆ

ಶ್ವೇತ ಮೇಡಂ ತರಗತಿಗೆ ಬಂದಾಗಲೆಲ್ಲ ಹವಾಲ್ದಾರ್ ವಿರೂಪಾಕ್ಷ ಎದ್ದು ನಿಲ್ಲುತ್ತಿದ್ದ. ಬೇರೆ ಯಾರೂ ನಿಲ್ಲುತ್ತಿರಲಿಲ್ಲ. ಮೇಡಂ ಅವನಿಗಿಂತ ಚಿಕ್ಕವರು. ಪಕ್ಕದ ಬೆಂಚಿನ ಇಕ್ರಾ ಅವನ ಮಗಳಾಗಬಹುದಾದಷ್ಟು ಚಿಕ್ಕವಳು.

"ಅಂಕಲ್, ಕೂತ್ಕೊಳ್ಳಿ ಪ್ಲೀಸ್," ಎನ್ನುತ್ತಿದ್ದಳು ಇಕ್ರಾ. "ನೀವು ಹಿಂಗೆ ನಿಂತ್ರೆ ಈಗ ರಾಷ್ಟ್ರಗೀತೆ ಶುರುವಾಗುತ್ತೆ ಅನ್ಸುತ್ತೆ."

ಕೂರುತ್ತಿದ್ದ. ಮುಂದಿನ ಸಲ ಮತ್ತೆ ನಿಲ್ಲುತ್ತಿದ್ದ. ಕಾಲುಗಳು ಅವನನ್ನು ಕೇಳುತ್ತಿರಲಿಲ್ಲ.

ಶಿವಾಜಿನಗರದ ಆ ಸಂಜೆ ಕಾಲೇಜಿನಲ್ಲಿ ಅವನದು ಬಿ.ಎ. ಕೊನೆಯ ಸೆಮಿಸ್ಟರ್. ಹುನಗುಂದದಲ್ಲಿ ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಸೇನೆಗೆ ಹೋದವನು, ಹಲಸೂರಿಗೆ ಪೋಸ್ಟಿಂಗ್ ಸಿಕ್ಕಿದ್ದರಿಂದ ಮತ್ತೆ ಸೇರಿಕೊಂಡಿದ್ದ. ಬೇಸಿಗೆಗೆ ಯೂನಿಟ್ಟು ಗಡಿಗೆ ಹೊರಡುತ್ತದೆ. ಅಷ್ಟರೊಳಗೆ ಪರೀಕ್ಷೆ ಬರೆಯದಿದ್ದರೆ ಡಿಗ್ರಿ ಇನ್ನಿಲ್ಲ. ಅವನಿಗೆ ಕವಾಯತು ಕಲಿಸಿದ್ದ, ಡಿಗ್ರಿಯಿಲ್ಲದ ಉಸ್ತಾದ್ ಒಬ್ಬರು ನಿವೃತ್ತರಾದ ಮೇಲೆ ಇಂದಿರಾನಗರದ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೂತು, ಪಾರ್ಸಲ್ ತರುವವರ ಹೆಸರು ಬರೆದುಕೊಳ್ಳುತ್ತಿದ್ದರು. ವಿರೂಪಾಕ್ಷ ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟಿದ್ದ.

ಪರೀಕ್ಷೆಗೆ ಕೂರಲು ಸೆಮಿನಾರಿನ ಅಂಕ ಬೇಕು. ಬ್ರಿಟಿಷರ ಸೇನೆ ನೆಲೆಸಿದ್ದ ದಂಡು ಪ್ರದೇಶದ ಇತಿಹಾಸದ ಅಧ್ಯಾಯವನ್ನು ಅವನು ಇಡಿಯಾಗಿ ಬಾಯಿಪಾಠ ಮಾಡಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಿಂದಿನ ಗೋಡೆ ನೋಡುತ್ತ ಒಪ್ಪಿಸಿದ. ಕೊನೆಗೆ, "ಯಾರಿಗಾದ್ರೂ ಅನುಮಾನ?" ಎಂದ.

ಯೂನಿಟ್ಟಿನಲ್ಲಿ ಪ್ರತಿ ಪಾಠ, ಪ್ರತಿ ಹುಕುಂ ಹೀಗೆಯೇ ಮುಗಿಯುತ್ತದೆ. "ಕೋಯೀ ಶಕ್?" ಎಂದು ಒಬ್ಬ ಕೇಳುತ್ತಾನೆ. "ನಹೀ ಸಾಬ್!" ಎಂದು ಎಲ್ಲರೂ ಕೂಗುತ್ತಾರೆ. ಇಷ್ಟು ವರ್ಷದಲ್ಲಿ ಬೇರೆ ಉತ್ತರವನ್ನು ಅವನು ಕೇಳಿರಲಿಲ್ಲ, ಕೊಟ್ಟಿರಲೂ ಇಲ್ಲ.

"ನಂಗೆ ಅನುಮಾನ ಇದೆ," ಎಂದರು ಶ್ವೇತ ಮೇಡಂ. "ಪುಸ್ತಕದಲ್ಲಿ ಇರೋದು ನಂಗೂ ಗೊತ್ತು ವಿರೂಪಾಕ್ಷ ಅವರೇ. ಇದರಲ್ಲಿ ನೀವು ಎಲ್ಲಿದ್ದೀರ? ಮುಂದಿನ ಗುರುವಾರ ನಿಮ್ಮದೇ ಒಂದು ಪ್ರಶ್ನೆ ತನ್ನಿ. ಆವತ್ತೇ ಅಂಕ ಕಳಿಸ್ಬೇಕು ನಾನು."

"ಎಸ್ ಮೇಡಂ!"

"ಕೂಗ್ಬೇಡಿ."

ಆ ವಾರವೆಲ್ಲ ಅವನು ಪ್ರಶ್ನೆ ಹುಡುಕಿದ. ಉತ್ತರ ಹುಡುಕುವುದಾದರೆ ಪುಸ್ತಕವಿದೆ. ಪ್ರಶ್ನೆಯನ್ನು ಎಲ್ಲಿ ಹುಡುಕುವುದು? ಹಲ್ಲುಜ್ಜುವಾಗ, ರೈಫಲ್ ಒರೆಸುವಾಗ ಎಲ್ಲದಕ್ಕೂ 'ಯಾಕೆ' ಎಂದು ಅಂಟಿಸಿ ನೋಡಿದ. ಮಂಗಳವಾರ ಬೆಳಿಗ್ಗೆ ಓಟದ ನಡುವೆ ಮೇಡಂಗೆ ಕೇಳಬೇಕಾದ ಪ್ರಶ್ನೆ ತಾನಾಗಿ ಬಂತು. ಅದನ್ನು ಎರಡು ದಿನ ಬಾಯಲ್ಲೇ ಇಟ್ಟುಕೊಂಡ.

ಗುರುವಾರ ಮಧ್ಯಾಹ್ನ ಸುಬೇದಾರ್ ತಂಗರಾಜ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. "ಶನಿವಾರ ಜನರಲ್ ಸಾಬ್ ಬರ್ತಾರೆ. ಮರದ ಸುತ್ತ ಇರೋ ಕಲ್ಲಿಗೆಲ್ಲಾ ಸುಣ್ಣ ಹೊಡೀಬೇಕು. ಕೋಯೀ ಶಕ್?"

"ನಹೀ ಸಾಬ್!"

"ಐತ್ರಿ ಸಾಬ್."

ತನ್ನದೇ ದನಿ ಎಂದು ತಿಳಿಯಲು ವಿರೂಪಾಕ್ಷನಿಗೆ ಒಂದು ಕ್ಷಣ ಬೇಕಾಯಿತು. ಆದರೆ ಬಾಯಿ ನಿಲ್ಲಲಿಲ್ಲ. "ಹೋದ ವಾರ ಹಚ್ಚಿದ ಸುಣ್ಣ ಹಂಗ ಐತಿ. ಮತ್ತ ಯಾಕ್ರಿ?"

ತಂಗರಾಜ್ ಸಿಟ್ಟಾಗಲಿಲ್ಲ. ಅದೇ ಕೆಟ್ಟದ್ದು. "ಓಹೋ, ಪ್ರೊಫೆಸರ್! ಒಳ್ಳೇ ಪ್ರಶ್ನೆ. ಉತ್ತರ ನೀನೇ ಹುಡುಕಪ್ಪಾ. ಇವತ್ತು ಈ ಸಾಲು ಪೂರ್ತಿ ನೀನೊಬ್ಬನೇ. ಅದು ಮುಗಿಯೋ ತನಕ ಹೊರಗೆ ಹೋಗೋಕೆ ಔಟ್‌ಪಾಸ್ ಇಲ್ಲ. ಮುಂದಿನ ಗುರುವಾರಾನೂ ಇಲ್ಲ."

ಹವಾಲ್ದಾರನೊಬ್ಬ ಬಕೆಟ್ ಹಿಡಿದು ಕೂತದ್ದನ್ನು ಹೊಸದಾಗಿ ಸೇರಿದ ರಂಗರೂಟರು ದೂರದಿಂದ ನೋಡಿದರು. ಬಿಳಿಯ ಕಲ್ಲಿನ ಮೇಲೆ ಬಿಳಿಯ ಸುಣ್ಣ. ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟೆ ಎಂಬುದೇ ತಿಳಿಯುತ್ತಿರಲಿಲ್ಲ.

ಸಾಲು ಮುಗಿಸಿ, ಪಾಸು ಹಿಡಿದು ಹತ್ತಿದ ಬಸ್ಸು ಹಲಸೂರು ಕೆರೆಯ ಬಳಿ ಸಿಕ್ಕಿಹಾಕಿಕೊಂಡಿತು. ಇಳಿದು ಓಡಿದ. ಕಾಲೇಜಿನ ಗೇಟು ಮುಟ್ಟಿದಾಗ ತರಗತಿ ಮುಗಿದಿತ್ತು. ಶ್ವೇತ ಮೇಡಂ ಸ್ಕೂಟರ್ ಹೊರಗೆ ತರುತ್ತಿದ್ದರು. ಅವನ ಸುಣ್ಣದ ಕೈಗಳನ್ನು ನೋಡಿದರು.

"ಏನ್ರೀ ಇದು? ಎಷ್ಟು ಹೊತ್ತು ಕಾದೆ. ಏನಾದ್ರೂ ಕೇಳೋದಿದೆಯಾ?"

ಹಿಮ್ಮಡಿಗಳು ಟಪ್ಪೆಂದು ಕೂಡಿದವು. "ನೋ ಮೇಡಂ!"

ಮೇಡಂ ತಲೆಯಾಡಿಸಿ ಹೊರಟುಹೋದರು.

ಅವನು ಅಲ್ಲೇ ನಿಂತು ತನ್ನ ತೊಡೆಗೆ ತಾನೇ ಗುದ್ದಿಕೊಂಡ. ಆಮೇಲೆ ತನಗೆ ಬರುವ ಒಂದೇ ಕೆಲಸ ಮಾಡಿದ: ಓಡಿದ. ಸಿಗ್ನಲ್ಲಿನಲ್ಲಿ ಆಟೋಗಳ ನಡುವೆ ಸ್ಕೂಟರ್ ನಿಂತಿತ್ತು. ಮೈದಾನದ ಆ ತುದಿಗೆ ಕೇಳಿಸುವ ದನಿಯಲ್ಲಿ ಕೂಗಿದ:

"ಮೇಡಂ! ಆ ಪಾಠದಾಗ ಇಷ್ಟ ಮಂದಿ ಸಿಪಾಯಿಗಳದಾರ, ಒಬ್ಬರೂ ಯಾಕ ಮಾತಾಡಂಗಿಲ್ರಿ?"

ಸುತ್ತಲಿನ ಹೆಲ್ಮೆಟ್ಟುಗಳೆಲ್ಲ ತಿರುಗಿದವು. ಮೇಡಂ ತಮ್ಮ ಹೆಲ್ಮೆಟ್ಟಿನ ಗಾಜು ಎತ್ತಿ ಅವನನ್ನೇ ನೋಡಿದರು.

"ಯಾಕೆ ಅಂತ ನಿಮಗನ್ಸುತ್ತೆ?"

ಹಸಿರು ದೀಪ ಬಂತು. "ಮುಂದಿನ ಗುರುವಾರ ಹೇಳಿ! ನಿಮ್ಮ ಅಂಕ ಅಲ್ಲೀವರೆಗೆ ತಡೀತೀನಿ!" ಎನ್ನುತ್ತಲೇ ಅವರು ಹೋದರು.

"ಹಟೋ ಭಾಯ್, ಮರ್‌ನೇಕು ಆಯಾ ಕ್ಯಾ?" ಎಂದು, ರಸ್ತೆ ನಡುವೆ ನಿಂತೇ ಇದ್ದ ಅವನಿಗೆ ಆಟೋದವನೊಬ್ಬ ಬೈದ.

ಮುಂದಿನ ಗುರುವಾರ. ಪಾಸಿಲ್ಲದ ಗುರುವಾರ.

ಯೂನಿಟ್ಟಿಗೆ ನಡೆದೇ ವಾಪಸ್ಸಾದ. ತಂಗರಾಜ್ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದರು. ಬಾಗಿಲಲ್ಲಿ ಅವನನ್ನು ಕಂಡು ಲೋಟ ಕೆಳಗಿಟ್ಟರು.

"ಏನಪ್ಪಾ, ಮತ್ತೆ ಶಕ್ಕಾ?"

ಹಿಮ್ಮಡಿಗಳು ಕೂಡಿಯೇಬಿಟ್ಟವು. 'ನಹೀ ಸಾಬ್' ನಾಲಿಗೆಯ ತುದಿಯವರೆಗೆ ಬಂತು. ಅವನು ಅದನ್ನು ಹಲ್ಲು ಕಚ್ಚಿ ಹಿಡಿದ.

"ಐತ್ರಿ."

"ಮೆಸ್ಸಿನ ಹಿಂದೆ ಇನ್ನೂ ಕಲ್ಲಿದಾವೆ," ಎಂದರು ತಂಗರಾಜ್, ಕುರ್ಚಿ ಹಿಂದಕ್ಕೆ ತಳ್ಳುತ್ತ. "ಸರಿ, ಹೇಳು."