ಬಾಗಿಲು ಹಿಡಿದು ನಿಂತ ಮಾವ

ನಮ್ಮ ಮಾವನವರು ಯಾವ ಬಾಗಿಲನ್ನೂ ತಾವಾಗಿ ಮೊದಲು ದಾಟಿದ್ದನ್ನು ನಾನು ಕಂಡಿಲ್ಲ. ಅಡುಗೆಮನೆಯಾಗಲಿ, ಆಸ್ಪತ್ರೆಯಾಗಲಿ, ಹೊಸ್ತಿಲ ಬಳಿ ಬಂದೊಡನೆ ಅವರ ದೇಹ ತಾನೇ ತಾನಾಗಿ ಅರ್ಧ ಸುತ್ತು ತಿರುಗಿ, ಬೆನ್ನು ಗೋಡೆಗೆ ಹತ್ತಿ, ಎಡಗೈ ಬಾಗಿಲ ಅಂಚನ್ನು ಹಿಡಿದು, ಬಲಗೈ ‘ದಯಮಾಡಿಸಿ’ ಎಂಬಂತೆ ಒಳಮುಖವಾಗಿ ಬೀಸುತ್ತದೆ. ಎಲ್ಲರೂ ಒಳಗಾದ ಮೇಲೆ, ಹೊರಗೆ ಯಾರೂ ಉಳಿದಿಲ್ಲವೆಂದು ಎರಡೂ ಕಡೆಗೆ ಕತ್ತು ಹೊರಳಿಸಿ ನೋಡಿ, “ಬಾಗಿಲು ಹುಷಾರು” ಎಂದು ಮೆಲ್ಲಗೆ ಹೇಳಿ, ಆಮೇಲೆ ತಾವು ಬರುತ್ತಾರೆ. ಮನೆಯಲ್ಲಿರುವುದೇ ನಾಲ್ಕು ಜನ. ಅದರಲ್ಲೊಬ್ಬಳಿಗೆ ಇನ್ನೂ ಮೂರು ತುಂಬಿಲ್ಲ. ಆದರೂ ಆ ಶಿಷ್ಟಾಚಾರ ಒಂದು ದಿನವೂ ತಪ್ಪಿದ್ದಿಲ್ಲ.

ಐದು ಅಂತಸ್ತಿನ ಬಟ್ಟೆ ಅಂಗಡಿಯೊಂದರ ಲಿಫ್ಟಿನಲ್ಲಿ ಮೂವತ್ತೊಂದು ವರ್ಷ ನಿಂತವರು ಅವರು. ನಡಿಗೆಗೂ ಆ ಪೆಟ್ಟಿಗೆಯದೇ ಅಳತೆ. ಎಷ್ಟೇ ಅಗಲವಾದ ರಸ್ತೆಯಲ್ಲೂ ಹೆಜ್ಜೆಯನ್ನು ಚಿಕ್ಕದಾಗಿಯೇ ಇಟ್ಟು, ನಾಲ್ಕಕ್ಕೊಮ್ಮೆ ಗೋಡೆ ಎದುರಾದೀತೇನೋ ಎಂಬಂತೆ ಕೊಂಚ ತಡೆದು, ಮತ್ತೆ ಮುಂದುವರಿಯುತ್ತಾರೆ. ನಿವೃತ್ತಿಯ ದಿನ ಅಂಗಡಿಯವರು ಸಮವಸ್ತ್ರದ ಮೆರೂನ್ ಕೋಟನ್ನು ಅವರಿಗೇ ಬಿಟ್ಟುಕೊಟ್ಟರು. ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ. ಜೇಬಿನ ಮೇಲಿದ್ದ ಅಂಗಡಿಯ ಹೆಸರನ್ನು ಮಾತ್ರ ದಾರ ಬಿಚ್ಚಿ ತೆಗೆದಿದ್ದಾರೆ, ಅಕ್ಷರಗಳ ನೆರಳು ಇನ್ನೂ ಇದೆ. ಮದುವೆಯಾಗಿ ಬಂದ ವರ್ಷವೇ ಒಂದು ಒಳ್ಳೆಯ ಬೂದುಬಣ್ಣದ ಕೋಟು ತಂದುಕೊಟ್ಟಿದ್ದೆ. ಮುಟ್ಟಿ, ಒಳಗಿನ ಹೊಲಿಗೆ ನೋಡಿ, “ಬಲು ಚೆಂದ ಇದೆ ಮಗಳೇ, ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?” ಎಂದು ಮಡಚಿಟ್ಟರು. ಅದು ಮಡಚಿಟ್ಟ ಹಾಗೆಯೇ ಇದೆ. ಮೆರೂನ್ ಕೋಟು ಮಾತ್ರ ತರಕಾರಿಗೂ ಹೋಗುತ್ತದೆ, ಔಷಧಿಗೂ ಹೋಗುತ್ತದೆ.

ಆ ಕೋಟಿನ ಬಗ್ಗೆ ನನಗಿದ್ದ ಮುಜುಗರ ಕೋಟಿನದಷ್ಟೇ ಆಗಿತ್ತು ಎಂದು ಬಹಳ ದಿನ ನನ್ನನ್ನೇ ನಂಬಿಸಿಕೊಂಡಿದ್ದೆ.

ನಮ್ಮದು ಮೂರು ಬಣ್ಣದ ಮನೆ. ಮಾವನವರ ಹಿರಿಯರು ಬೇರೊಂದು ಖಂಡದವರು. ಅವರದು ಇದ್ದಿಲಿನ ಹೊಳಪಿನ ಕಪ್ಪು, ತಲೆಗೆ ಅಂಟಿಕೊಂಡ ಗುಂಗುರು ಬೆಳ್ಳಗಾಗಿದೆ. ತೀರಿಹೋದ ನಮ್ಮತ್ತೆ ಹಾಲಿನಂತೆ ಬೆಳ್ಳಗಿದ್ದರಂತೆ, ಬಿಸಿಲಿಗೆ ಹೋದರೆ ಕೆಂಡವಾಗುತ್ತಿದ್ದರಂತೆ. ನನ್ನ ಗಂಡ ಇಬ್ಬರ ನಡುವೆ ಎಲ್ಲೋ ನಿಂತವನು. ನಾನು ಗೋಧಿಬಣ್ಣದ, ಉದ್ದ ಜಡೆಯ, ಇಂಥದೇ ಎಂದು ಎಲ್ಲರೂ ಥಟ್ಟನೆ ಗುರುತಿಸುವ ಮನೆತನದವಳು. ಇಷ್ಟೆಲ್ಲ ಸೇರಿ ಹುಟ್ಟಿದ ನಮ್ಮ ಪುಟ್ಟಿ ನಮ್ಮಿಬ್ಬರನ್ನೂ ದಾಟಿ ನೇರ ಅಜ್ಜಿಯ ಬಣ್ಣವನ್ನೇ ಎತ್ತಿಕೊಂಡು ಬಂದಳು. ಕೂದಲೊಂದನ್ನು ಮಾತ್ರ ತಾತನಿಂದ ತಂದಳು.

ಆ ಕೂದಲ ಮುಂದೆ ನನ್ನ ವಿದ್ಯೆಯೆಲ್ಲ ಸೋತಿತ್ತು. ನಾನು ಕೈಗೆ ಬಾಚಣಿಗೆ ತೆಗೆದುಕೊಂಡರೆ ಸಾಕು, ಪುಟ್ಟಿ ಮಂಚದಡಿ ಸೇರುತ್ತಿದ್ದಳು. ಎರಡು ಬಾಚಣಿಗೆಯ ಹಲ್ಲು ಮುರಿದ ಮೇಲೆ ಒಂದು ಬೆಳಿಗ್ಗೆ ಮಾವನವರು ಬಾಗಿಲಲ್ಲಿ ನಿಂತು ಕೇಳಿದರು:

“ಅದೇನು ಹುಲ್ಲಾ ಮಗಳೇ, ಹಾಗೆ ಕೀಳ್ತಿದ್ದೀಯಲ್ಲ?”

“ನೀವೇ ಬಾಚಿ ನೋಡಿ ಮಾವ, ಗೊತ್ತಾಗತ್ತೆ.”

“ಬಾಚೋದಲ್ಲ ಅದು. ಕೇಳ್ಕೊಳ್ಳೋದು.”

ಕೂದಲನ್ನು ಒದ್ದೆ ಮಾಡಿ, ಎಣ್ಣೆಯ ಬೆರಳುಗಳಿಂದ ತುದಿಯಿಂದ ಬುಡದ ಕಡೆಗೆ ಒಂದೊಂದೇ ಗಂಟನ್ನು ಬಿಡಿಸಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ಅವರು ಬಾಚುತ್ತಿದ್ದರೆ ಪುಟ್ಟಿ ಅವರ ಕೋಟಿನ ಗುಂಡಿಗಳನ್ನು ಒತ್ತುತ್ತಾ ನಿಲ್ಲುತ್ತಿದ್ದಳು. ಅದು ಅವರಿಬ್ಬರದೇ ಆಟ. ಕೆಳಗಿನ ಗುಂಡಿ ಒತ್ತಿದರೆ ನೆಲ, ಮುಂದಿನದು ಒತ್ತಿದರೆ ಮಂಡಿ, ಎಲ್ಲಕ್ಕಿಂತ ಮೇಲಿನದು ಒತ್ತಿದರೆ ಹೆಗಲು. “ಮೇಲಕ್ಕೋ, ಕೆಳಕ್ಕೋ?” ಎಂದು ಗಂಭೀರವಾಗಿ ಕೇಳಿ, ಎತ್ತಿಕೊಳ್ಳುತ್ತಾ ಅವರು ಸಾರುತ್ತಿದ್ದರು: “ಎರಡನೇ ಮಹಡಿ! ಮಕ್ಕಳ ಬಟ್ಟೆ, ಆಟದ ಸಾಮಾನು. ಹಟ ಮಾಡೋರು ಇಲ್ಲೇ ಇಳ್ಕೊಳ್ಳಿ.” ಇಳಿಯುವವರು ಯಾರೂ ಇರುತ್ತಿರಲಿಲ್ಲ. ಷೂ ಹಾಕಿಸುವುದು, ಹಾಲು ಕುಡಿಸುವುದು, ಚೆಲ್ಲಿದ ಹಾಲನ್ನು ನನ್ನ ಕಣ್ಣಿಗೆ ಬೀಳುವ ಮುಂಚೆ ಒರೆಸುವುದು, ಎಲ್ಲವೂ ಈ ಮಹಡಿಗಳ ನಡುವೆಯೇ ಮುಗಿದುಹೋಗುತ್ತಿತ್ತು. ನಾನು ಜ್ವರಮಾಪಕ ಹಿಡಿದು, ತೂಕದ ಪಟ್ಟಿ ಹಿಡಿದು, ಮಗು ಇಷ್ಟು ಹೊತ್ತಿಗೆ ಎಷ್ಟು ಮಾತು ಆಡಬೇಕೆಂದು ಪುಸ್ತಕ ಹಿಡಿದು ಅವರ ಹಿಂದೆ ಸುತ್ತುತ್ತಿದ್ದೆ.

ಶಿಶುವಿಹಾರಕ್ಕೆ ಸೇರಿಸುವ ದಿನ ಬಂತು. ಇಪ್ಪತ್ತು ಜಾಗಕ್ಕೆ ನೂರಕ್ಕೂ ಮೀರಿ ಅರ್ಜಿ. ಗಂಡ ಔಷಧಿ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ಮಾವನವರು ಜೊತೆಗೆ ಬಂದರು. ಹೊರಗೆ ಮಳೆ. ಅಲ್ಲಿನ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುವಾಕೆ, ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಮಾವನವರ ದೇಹ ಅರ್ಧ ಸುತ್ತು ತಿರುಗಿತು, ಎಡಗೈ ಬಾಗಿಲು ಹಿಡಿಯಿತು. ದೊಡ್ಡ ಮೇಡಂ ಮಾವನವರ ಮುಖ ನೋಡದೆ ಒದ್ದೆ ಕೊಡೆಯನ್ನು ಅವರ ಕೈಗಿಟ್ಟು ಒಳಗೆ ಹೋದರು. ಮಾವನವರು ಅದನ್ನು ಕೊಡವಿ, ಮಡಚಿ, ಮೂಲೆಗೆ ಒರಗಿಸಿದರು.

ಪುಟ್ಟಿಯನ್ನು ಕೈಗೆ ತೆಗೆದುಕೊಂಡು ನಾನು ಒಳಗೆ ಕುಳಿತೆ. “ನಿಮ್ಮ ಕೆಲಸದವರು ತುಂಬ ಪಳಗಿದ್ದಾರೆ,” ಎಂದರು ದೊಡ್ಡ ಮೇಡಂ, “ಇಂಥವರು ಈಗೆಲ್ಲಿ ಸಿಗ್ತಾರೆ ಹೇಳಿ?”

ಒಂದು ಮಾತಿನಲ್ಲಿ ಸರಿಪಡಿಸಬಹುದಿತ್ತು. ಆದರೆ ಆ ಒಂದು ಮಾತಿನ ಹಿಂದೆ ‘ಹೌದೇ? ಅದು ಹೇಗೆ?’ ಎಂಬುದು ಬರುತ್ತದೆ, ಬೆಳ್ಳಗಿನ ಮಗುವಿನಿಂದ ಕಪ್ಪು ಮುಖಕ್ಕೆ, ಅಲ್ಲಿಂದ ನನ್ನ ಜಡೆಗೆ ಓಡಾಡುವ ಕಣ್ಣು ಬರುತ್ತದೆ, ಅಷ್ಟರಲ್ಲಿ ಇಪ್ಪತ್ತರಲ್ಲೊಂದು ಜಾಗ ಕೈತಪ್ಪುತ್ತದೆ ಎಂದೆಲ್ಲ ಆ ಅರೆಕ್ಷಣದಲ್ಲಿ ಹೆದರಿದೆ. ಹೆದರಿದೆ ಎನ್ನುವುದೂ ಈಗ ಹುಡುಕಿಕೊಂಡ ನೆಪವಿರಬೇಕು. ನಾನು ನಕ್ಕೆ. ನಕ್ಕು, “ಹೌದು ಮೇಡಂ, ಸಿಗೋದು ಕಷ್ಟ,” ಎಂದೆ.

ಆಕೆ ತಮ್ಮ ಗುಂಡುಗುಂಡಾದ ಅಕ್ಷರಗಳಲ್ಲಿ ಅರ್ಜಿ ತುಂಬಿದರು. ಮಗುವನ್ನು ದಿನವೂ ಕರೆದೊಯ್ಯುವವರು: ಮಾವನವರ ಹೆಸರು. ಮಗುವಿಗೆ ಏನಾಗಬೇಕು: ಕೆಲಸದವರು. ನಾನು ವಿಮಾ ಕಚೇರಿಯಲ್ಲಿ ಅರ್ಜಿ ಪರಿಶೀಲಿಸುವವಳು. ಒಂದು ಖಾನೆ ತಪ್ಪಿದ್ದರೆ ಜನರನ್ನು ಮೂರು ಸಲ ಅಲೆಸುವವಳು. ಓದಿದೆ, ಸಹಿ ಹಾಕಿದೆ. ಕೋಣೆಯ ಬಾಗಿಲು ಮುಚ್ಚಿರಲಿಲ್ಲ. ಅದನ್ನು ಹಿಡಿದು ನಿಂತಿದ್ದವರು ಅವರೇ.

ಹೊರಗೆ ಬಂದಾಗ ಕೇಳಿದರು: “ಜಾಗ ಸಿಕ್ತಾ?”

“ಸಿಕ್ತು ಮಾವ.”

“ಹಾಗಾದ್ರೆ ಮೇಲಕ್ಕೆ!” ಎಂದು ಪುಟ್ಟಿಯನ್ನು ಹೆಗಲಿಗೇರಿಸಿದರು. ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ.

ವಾರದೊಳಗೆ ಫೋಟೋ ಅಂಟಿಸಿದ, ಕೆಳಗೆ ಸಣ್ಣದಾಗಿ ‘ಕೆಲಸದವರು’ ಎಂದು ಅಚ್ಚಾದ ಕಾರ್ಡು ಬಂತು. ಅದನ್ನು ಕೊರಳಿಗೆ ಹಾಕಿಕೊಂಡು, ಮಧ್ಯಾಹ್ನ ಹನ್ನೆರಡಕ್ಕೆ ಗೇಟಿನಲ್ಲಿ ತೋರಿಸಿ, ಪುಸ್ತಕದಲ್ಲಿ ಸಹಿ ಮಾಡಿ, ಏಳು ತಿಂಗಳು ಅವರು ಮೊಮ್ಮಗಳನ್ನು ಕರೆತಂದರು. ಕನ್ನಡಕವಿಲ್ಲದೆ ಅವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ ಎಂಬುದು ನನ್ನ ಸಮಾಧಾನವಾಗಿತ್ತು. ಪುಟ್ಟಿ “ತಾತಾ!” ಎಂದು ಕೂಗಿ ಓಡಿಬರುವುದನ್ನು ಅಲ್ಲಿನವರು ವಯಸ್ಸಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದರು. ನಾನು ಜೊತೆಗಿದ್ದ ದಿನಗಳಲ್ಲಿ ಒಂದು ಹೊಸ ವಿಷಯ ಗಮನಕ್ಕೆ ಬಂತು: ಮನೆಯಲ್ಲಿ ‘ಮಗಳೇ’ ಎನ್ನುವವರು ಆ ಗೇಟಿನ ಬಳಿ ನನ್ನನ್ನು ‘ಅಮ್ಮಾವ್ರೇ’ ಎನ್ನತೊಡಗಿದ್ದರು. “ಅಮ್ಮಾವ್ರೇ, ಬ್ಯಾಗು ಕೊಡಿ.” ತಮಾಷೆಗೆ ಅನ್ನುತ್ತಾರೆ ಎಂದು ನಾನೂ ನಗುತ್ತಿದ್ದೆ. ಒಳಗೆಲ್ಲೋ ಹಾಯೆನಿಸಿದ್ದನ್ನೂ ಇಲ್ಲಿ ಬರೆಯಬೇಕು.

ಒಂದು ಮಧ್ಯಾಹ್ನ, ಮನೆಗೆ ಬಿಡುವ ಹೊತ್ತಿಗೆ, ಪುಟ್ಟಿ ಜಾರುಬಂಡೆಯಿಂದ ಮುಗ್ಗರಿಸಿ ಗದ್ದ ಒಡೆದುಕೊಂಡಳು. ಆಸ್ಪತ್ರೆ ರಸ್ತೆಯ ಆಚೆ ಬದಿಗೇ ಇತ್ತು. ಗಾಯಗೊಂಡ ಮಗುವನ್ನು ಮನೆಯವರಿಗಲ್ಲದೆ ಬೇರೆಯವರಿಗೆ ಒಪ್ಪಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ; ತಪ್ಪಾದ ನಿಯಮವೇನಲ್ಲ. ನನ್ನ ಫೋನು ಚೀಲದೊಳಗೆ, ಚೀಲ ಮೇಜಿನಡಿಗೆ, ನಾನು ಸಭೆಯಲ್ಲಿ. ಔಷಧಿ ಅಂಗಡಿಯ ಫೋನಿಗೆ ಬಿಡುವಿರಲಿಲ್ಲ. ಸುದ್ದಿ ತಿಳಿದು ನಾನು ಓಡಿ ತಲುಪುವಾಗ ಮುಕ್ಕಾಲು ಗಂಟೆ ಕಳೆದಿತ್ತು.

ಮಕ್ಕಳ ಗಿಡ್ಡ ಕುರ್ಚಿಯಲ್ಲಿ, ಮಂಡಿ ಎದೆಗೆ ಬರುವಂತೆ ಮಾವನವರು ಕುಳಿತಿದ್ದರು. ತೊಡೆಯ ಮೇಲೆ ಪುಟ್ಟಿ. ಅವಳ ಗದ್ದಕ್ಕೆ ಒತ್ತಿಹಿಡಿದ ಅವರ ಕರವಸ್ತ್ರ. ಮೆರೂನ್ ಬಣ್ಣದ ಮೇಲೆ ರಕ್ತ ಕಾಣುವುದಿಲ್ಲ, ಬಟ್ಟೆ ಬರೀ ಒದ್ದೆಯಾದಂತೆ ಕಾಣುತ್ತದೆ. ಬಾಗಿಲಿಗೆ ಅಡ್ಡವಾಗಿ ಆಯಾ ಒಬ್ಬಳು ನಿಂತಿದ್ದಳು, ಕಾವಲಿಗೆ.

ದೊಡ್ಡ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. “ರಕ್ತ ನಿಂತಿದೆ, ಹೆದರಬೇಡಿ. ಎರಡು ಹೊಲಿಗೆ ಬೀಳಬಹುದು. ಆದ್ರೆ ಒಂದು ವಿಷಯ ಹೇಳಲೇಬೇಕು. ನಿಮ್ಮ ಈ ಮನುಷ್ಯ ಸುಳ್ಳು ಹೇಳಿದ. ‘ನಾನು ಇವಳ ತಾತ, ಬಿಡಿ, ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ’ ಅಂತ ಜೋರು ಮಾಡಿದ. ಕಾರ್ಡು ತೋರಿಸಿ, ನಿಮ್ಮ ಸಹಿ ತೋರಿಸಿ ಕೂರಿಸಿದ್ದೀವಿ. ಎಷ್ಟೇ ಹಳಬನಾದ್ರೂ ಇಂಥವರ ಮೇಲೆ ಒಂದು ಕಣ್ಣಿಟ್ಟಿರಿ.”

ಕೋಣೆ ಚಿಕ್ಕದು, ಪಕ್ಕಕ್ಕೆ ಕರೆದರೂ ಮಾತು ಅಲ್ಲಿಗೆ ಕೇಳುತ್ತದೆ. ಮಾವನವರು ನನ್ನ ಮುಖ ನೋಡಿದರು. ಅದರಲ್ಲಿ ಏನು ಕಂಡರೋ. ಮಗುವನ್ನು ಎತ್ತಿಕೊಂಡೇ ಎದ್ದು ನಿಂತು, ತಲೆ ಬಾಗಿಸಿ, “ತಪ್ಪಾಯ್ತು ಮೇಡಂ. ಗಾಬರಿಯಲ್ಲಿ ಬಾಯಿಗೆ ಬಂದ್ಬಿಡ್ತು. ಅಮ್ಮಾವ್ರದೇನೂ ತಪ್ಪಿಲ್ಲ,” ಎಂದರು.

ಅವರು ನನಗೆ ಬಾಗಿಲು ಹಿಡಿದಿದ್ದರು. ತಲೆ ತಗ್ಗಿಸಿ ದಾಟಿಹೋದರೆ ಮುಗಿಯಿತು. ನಾನು ಎಷ್ಟು ಹೊತ್ತು ಸುಮ್ಮನಿದ್ದೆನೋ ತಿಳಿಯದು. ಲಿಫ್ಟು ಒಂದು ಮಹಡಿ ಏರುವಷ್ಟಾದರೂ ಆಗಿರಬೇಕು. ಅಷ್ಟೂ ಹೊತ್ತು ನಾನು ದಾಟುವ ಯೋಚನೆಯಲ್ಲೇ ಇದ್ದೆ ಎಂಬುದನ್ನು ಯಾವ ಸೋಪಿನಿಂದ ತೊಳೆಯಲಿ?

“ಅವರು ಸುಳ್ಳು ಹೇಳಿಲ್ಲ ಮೇಡಂ,” ಎಂದೆ. “ಇವರು ನಮ್ಮ ಮಾವ. ಸುಳ್ಳು ಹೇಳಿದ್ದು ನಾನು. ಅರ್ಜಿಯಲ್ಲಿ.”

ಆಯಾ ಬಾಗಿಲಿನಿಂದ ಸರಿದಳು. ದೊಡ್ಡ ಮೇಡಂ ಮಾವನವರ ತಲೆ ನೋಡಿದರು, ಪುಟ್ಟಿಯ ತಲೆ ನೋಡಿದರು, ಬಿಳಿ ಗುಂಗುರು, ಕಂದು ಗುಂಗುರು. “ಕೂದಲು ನೋಡಿಯಾದ್ರೂ ನನಗೆ ಗೊತ್ತಾಗಬೇಕಿತ್ತು,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನನ್ನನ್ನು ಆಮೇಲೆ ಅವರು ಸರಿಯಾಗಿ ನೋಡಿದ್ದೇ ಇಲ್ಲ.

ಮೂರು ಹೊಲಿಗೆ ಬಿದ್ದವು. ಗುರುತು ಉಳಿಯುತ್ತದೆ, ಬೇಗ ಬಂದಿದ್ದರೂ ಉಳಿಯುತ್ತಿತ್ತು ಎಂದರು ಡಾಕ್ಟರು. ಅದು ನಿಜವೋ ದಯೆಯೋ, ಕೇಳುವ ಧೈರ್ಯ ನನಗಿರಲಿಲ್ಲ.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಕೂಗಾಡುತ್ತಾನೆಂದು ಕಾದೆ, ಕೂಗಾಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಮಗುವಿನ ಹಾಲಿನ ಲೋಟ ತೊಳೆಯುತ್ತಲೇ ಹೇಳಿದ: “ಕಾರ್ಡು ಬಂದ ದಿನವೇ ಅಪ್ಪ ನನಗೆ ತೋರಿಸಿದ್ದರು. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ದರು. ನಾನು ಸಿಟ್ಟಿನಲ್ಲಿ ನಿನ್ನ ಹತ್ರ ಬರ್ತಿದ್ದೆ. ತಡೆದರು. ‘ಹುಡುಗಿ ಏನೋ ಹೆದರಿದ್ದಾಳೆ, ಹೆದರಿದವರನ್ನ ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸಬಾರದು, ಮೊದಲು ಒಳಗೆ ಬರಲಿ’ ಅಂದರು.”

ಏಳು ತಿಂಗಳು. ನಾನು ಒಳಗೆ ಬರಲೆಂದು ಅವರು ಕಾದಿದ್ದರು.

ಕ್ಷಮೆ ಕೇಳಲು ಹೋದೆ. ಅವರು ಕೋಟನ್ನು ತಣ್ಣೀರಿನಲ್ಲಿ ನೆನೆಸಿ, ಗುಂಡಿಗಳಿಗೆ ನೀರು ತಾಗದಂತೆ ಮೇಲೆತ್ತಿ ಹಿಡಿದು ಉಜ್ಜುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ಬಿಸಿನೀರು ಹಾಕಿದ್ರೆ ಕಲೆ ಕೂತುಬಿಡತ್ತೆ ಮಗಳೇ,” ಎಂದರು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಇನ್ನೊಂದು ತೋಳನ್ನು ಉಜ್ಜಿದೆ. ಅಳುವುದಕ್ಕೂ ನಾಚಿಕೆಯಾಗಿತ್ತು.

ಹೊಸ ಕಾರ್ಡು ಬಂದಿದೆ, ‘ತಾತ’ ಎಂದು ಅಚ್ಚಾಗಿದೆ. ಅದನ್ನು ಪ್ಲಾಸ್ಟಿಕ್ ಕವಚಕ್ಕೆ ಸೇರಿಸುವಾಗ ಅವರು ಹಳೆಯದನ್ನು ತೆಗೆಯಲಿಲ್ಲ, ಹಿಂದೆಯೇ ಉಳಿಸಿಕೊಂಡರು. ಬಿಸಾಡಿ ಎಂದು ನಾನು ಬೇಡಿಕೊಂಡಾಗ, “ಅದರಲ್ಲಿ ಫೋಟೋ ಚೆನ್ನಾಗಿ ಬಂದಿದೆ,” ಎಂದರು. ಚುಚ್ಚಲು ಹೇಳಿದರೆಂಬ ಸುಳಿವು ಎಷ್ಟು ಹುಡುಕಿದರೂ ಆ ಮುಖದಲ್ಲಿ ಸಿಗಲಿಲ್ಲ. ನಿಜಕ್ಕೂ ಫೋಟೋ ಚೆನ್ನಾಗಿದೆ.

ಬೇರೆಯವರನ್ನು ಮೇಲಕ್ಕೂ ಕೆಳಕ್ಕೂ ಮುಟ್ಟಿಸುತ್ತಾ ತಾವು ಇದ್ದಲ್ಲೇ ನಿಂತು ಬಾಳಿದ ಇಂಥವರು ಮನುಷ್ಯರ ಬೆನ್ನನ್ನೇ ಹೆಚ್ಚು ನೋಡಿರುತ್ತಾರೆ; ಮುಖ ಮುಚ್ಚಿಟ್ಟ ಹೆದರಿಕೆ, ಸಣ್ಣತನಗಳೆಲ್ಲ ಬೆನ್ನಿನಲ್ಲಿ ಕಾಣುತ್ತವೆಂಬುದು ಅವರಿಗೆ ಗೊತ್ತು. ಗೊತ್ತಿದ್ದೂ ಬಾಗಿಲು ಬಿಡುವುದಿಲ್ಲ. ನಾವು ಅದನ್ನು ವಿಧೇಯತೆ ಎನ್ನುತ್ತೇವೆ, ಪಳಗುವಿಕೆ ಎನ್ನುತ್ತೇವೆ, ಕೊಡೆ ಕೈಗಿಟ್ಟು ಹೋಗುತ್ತೇವೆ. ಹೊಲಿಗೆಯ ಗುರುತಿನ ಗದ್ದವೆತ್ತಿ ನಮ್ಮ ಪುಟ್ಟಿ ಈಚೆಗೆ ಬಾಗಿಲುಗಳ ಬಳಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಾಳೆ, ಪುಟ್ಟ ಕೈ ಬೀಸಿ ನನ್ನನ್ನು ಒಳಗೆ ಕರೆಯುತ್ತಾಳೆ. ನನಗೆ ಪ್ರತಿ ಸಲವೂ ಕಾಲು ತಡೆಯುತ್ತದೆ. ಇಂಥವರು ಹಿಡಿದ ಬಾಗಿಲನ್ನು ದಾಟುವಾಗ ಒಮ್ಮೆ ನಿಂತು ಮುಖ ನೋಡಬೇಕು ಎಂಬಷ್ಟನ್ನು ನಾನು ಕಲಿತಿದ್ದೇನೆ. ನೋಡಿ ಕಣ್ಣು ತಗ್ಗಿಸದಿರುವುದನ್ನು ಇನ್ನೂ ಕಲಿಯಬೇಕಾಗಿದೆ.