ದಿನಕ್ಕೆರಡು ನೋವಿನ ಮಾತ್ರೆ

ಆ ಹೊಲಿಗೆ ಕಾರ್ಖಾನೆಯಲ್ಲಿ ಸೊಂಟನೋವಿಲ್ಲದವರನ್ನು ದುರ್ಬೀನು ಹಾಕಿ ಹುಡುಕಬೇಕು. ಗುಂಡಿ ಹಾಕುವ ಅಕ್ಕನ ಡಬ್ಬಿಯಲ್ಲಿ ಗುಂಡಿಗಳ ಜೊತೆ ನೋವಿನ ಮಾತ್ರೆಗಳೂ ಇರುತ್ತಿದ್ದವು. ಯಾರು ಕೈಚಾಚಿದರೂ ಒಂದು ಕೊಡುತ್ತಿದ್ದಳು. ಅಲ್ಲೇ ಇಸ್ತ್ರಿ ಮಾಡುವ ಗಂಡನಿಗೆ ಮಾತ್ರ ದಿನಕ್ಕೆ ಎರಡು.

ಒಂದು ದಿನ ಸರ್ಕಾರಿ ಸಂಶೋಧನಾ ತಂಡ ಬಂದು, ಒಪ್ಪಿದವರ ರಕ್ತ, ಮೂತ್ರ ಪರೀಕ್ಷೆಗೆ ತೆಗೆದುಕೊಂಡಿತು. ತಂಡದ ಮುಖ್ಯಸ್ಥೆ ನರೆಗೂದಲಿನ ಕಿಡ್ನಿ ಡಾಕ್ಟರಮ್ಮ.

“ನಮ್ಮೆಜಮಾನ್ರು ಬಟ್ಟೆಗಂಟು ಒಂದೇ ಕೈಲಿ ಎತ್ತುತ್ತಾರೆ. ಅವರಿಗ್ಯಾಕೆ ಪರೀಕ್ಷೆ?” ಎಂದಳು ಅಕ್ಕ.

“ಕೊಡ್ಲಿ ಬಿಡೇ. ಉಚ್ಚೆಗೂ ಜಿಪುಣತನವಾ?” ಎಂದು ಬಟ್ಟೆ ಕತ್ತರಿಸುವ ಗೆಳತಿ ಛೇಡಿಸಿದಳು. ಗಂಡ ನಗುತ್ತಲೇ ಹೋಗಿ ಕೊಟ್ಟು ಬಂದ.

ವಾರದ ಮೇಲೆ ಡಾಕ್ಟರಮ್ಮ ಗಂಡಹೆಂಡತಿಯನ್ನು ಪಕ್ಕಕ್ಕೆ ಕರೆದರು.

“ಎರಡು ಸಲ ನೋಡಿದೆ. ಇವರ ಕಿಡ್ನಿ ಅರ್ಧದಷ್ಟೇ ಕೆಲಸ ಮಾಡ್ತಿದೆ.”

ಅಕ್ಕ ನಂಬಲಿಲ್ಲ. “ಅಲ್ಲಿ ನೋವೇ ಇಲ್ವಲ್ಲ ಇವರಿಗೆ?”

“ಕಿಡ್ನಿ ಹೇಳ್ಕೊಳ್ಳಲ್ಲಮ್ಮ, ಸುಮ್ನೆ ಕೆಡುತ್ತೆ. ನೋವಿನ ಮಾತ್ರೆ ದಿನಾ ತಗೋತಾರಾ?”

ಅಕ್ಕ ಗಂಡನ ಮುಖ ನೋಡಿದಳು. ಗಂಡನೇ ಹೇಳಿದ: “ಎರಡು. ಮರೆತ್ರೆ ಇವಳೇ ತಂದು ಬಾಯಿಗೆ ಹಾಕ್ತಾಳೆ.”

ಡಾಕ್ಟರಮ್ಮ ಸ್ಟೂಲು ಎಳೆದು ಕೂತರು. “ನಮ್ಮಣ್ಣ ಬಡಗಿ. ಮೊಣಕಾಲು ನೋವು ಅಂದಾಗೆಲ್ಲ ನಾನೂ ಇಂಥದೇ ಮಾತ್ರೆ ಕೊಟ್ಟೆ. ಆಗ ದೊಡ್ಡಾಸ್ಪತ್ರೇಲಿ ಕಿಡ್ನಿ ಡಾಕ್ಟರು ನಾನು. ಊರವರನ್ನೆಲ್ಲ ನೋಡ್ತಿದ್ದೆ, ಮನೇಲಿ ದಿನಕ್ಕೆಷ್ಟು ನುಂಗ್ತೀಯ ಅಂತ ಕೇಳ್ಲಿಲ್ಲ. ಅದರಿಂದಲೇ ಕಿಡ್ನಿ ಕೆಟ್ಟು ಅಣ್ಣ ಡಯಾಲಿಸಿಸ್‌ಗೆ ಬಂದ, ಉಳೀಲಿಲ್ಲ. ಆಮೇಲೇ ಈ ಸಂಶೋಧನೆಗೆ ಇಳಿದಿದ್ದು. ಇಪ್ಪತ್ತೆರಡು ವರ್ಷ ಆಯ್ತು, ಹೀಗೇ ಜನ ಕೆಲಸ ಮಾಡೋ ಕಡೆಗೇ ಹೋಗ್ತೀವಿ.”

ಇಷ್ಟು ಓದಿದವರ ಮನೆಯಲ್ಲೂ ಹೀಗಾಯಿತೇ? ಎಂದುಕೊಂಡಳು ಅಕ್ಕ.

“ಇವರದು... ಉಳಿಸ್ಕೋಬಹುದಾ?”

“ಹೋಗಿದ್ದು ವಾಪಸ್ ಬರುತ್ತೆ ಅನ್ನಲಾರೆ. ಉಳಿದಿದ್ದನ್ನ ಕಾಪಾಡೋಣ. ಈ ಮಾತ್ರೆ ಇವತ್ತೇ ನಿಲ್ಲಲಿ. ಬಿಪಿ, ಸಕ್ಕರೆ ನೋಡಿಸಿ. ಸೊಂಟಕ್ಕೆ ಬೇರೆ ಔಷಧಿ ನಾನು ಹೇಳ್ತೀನಿ.”

“ಗಂಟು ಇನ್ಮೇಲೆ ಇಬ್ಬರು ಸೇರಿ ಎತ್ತೋಣ ಬಿಡಿ,” ಎಂದ ಗಂಡ ಮೆಲ್ಲಗೆ.

ಅಕ್ಕ ಯಂತ್ರಗಳ ನಡುವೆ ಹೋಗಿ ನಿಂತಳು. “ನನ್ನ ಕೈಯಿಂದ ದಿನಾ ಮಾತ್ರೆ ಇಸ್ಕೊಂಡೋರು ಪರೀಕ್ಷೆಗೆ ಬನ್ರೇ.”

ಒಬ್ಬೊಬ್ಬರಾಗಿ ಹದಿನೇಳು ಮಂದಿ ಎದ್ದರು.

ಓದುತ್ತಿರುವ ನೀವೂ ಇಂದೇ ಮನೆಯಲ್ಲಿ ಕೇಳಿ: ದಿನಾ ನೋವಿನ ಮಾತ್ರೆ ನುಂಗುವವರು ಯಾರು? ಅವರನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ನೋವು ಬರಲಿ, ಆಮೇಲೆ ನೋಡೋಣ ಎಂದು ದಯವಿಟ್ಟು ಕಾಯಬೇಡಿ.